ಮುಳುಗುವ ಸೇತುವೆಗೆ ಜಾಹೀರಾತು ಕೊಡುವವರು ಯಾರು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಕೈಯಲ್ಲಿರುವ ಮೊಬೈಲಿನ ಮ್ಯಾಪಿನ ಬಗ್ಗೆ ನಿಮ್ಮಲ್ಲಿ ಕೆಲವು ಮಾತು ಕೇಳಿಕೊಳ್ಳಬೇಕಾಗಿದೆ. ಐದು ತಾಲ್ಲೂಕುಗಳ ಹೆಸರು ಹಿಡಿದೇ ಕೇಳಲು ಕಾರಣವಿದೆ. ದೊಡ್ಡ ಶಹರದಲ್ಲಿ ಮ್ಯಾಪು ತಪ್ಪಿದರೆ ಹತ್ತು ನಿಮಿಷ ಹಾಳಾಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ಹರಿಯುವ, ಪಕ್ಕದಲ್ಲೇ ರಾಜ್ಯದ ಗಡಿ ಇರುವ, ಅರ್ಧ ಊರೇ ತೋಟದ ವಸತಿಗಳಲ್ಲಿ ಚದುರಿಕೊಂಡಿರುವ ನಮ್ಮ ಭಾಗದಲ್ಲಿ ಅದು ತಪ್ಪಿದರೆ ಜೀವವೇ ಹೋಗಬಹುದು.

ಈಗ ಲಗ್ನಪತ್ರಿಕೆಯ ಜೊತೆಗೂ ಲೊಕೇಶನ್ ಬರುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಗಾಡಿಗಳು, ಯಡೂರ ವೀರಭದ್ರನ ಭಕ್ತರು, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಜನಿಸಿದ ಸದಲಗಾ ನೋಡಲು ದೂರದ ರಾಜ್ಯಗಳಿಂದ ಬರುವ ಜೈನ ಯಾತ್ರಿಕರು, ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ರಾತ್ರಿ ಹೊತ್ತು ಬರುವ ಪರಊರಿನ ಲಾರಿ ಚಾಲಕರು, ಎಲ್ಲರೂ ಮ್ಯಾಪ್ ಹಚ್ಚಿಕೊಂಡೇ ಬರುತ್ತಾರೆ. ನಾವೂ ಹಾಗೆಯೇ ಹೋಗುತ್ತೇವೆ. ಕಟ್ಟೆಯ ಮೇಲೆ ಕುಳಿತವರನ್ನು ದಾರಿ ಕೇಳುವುದು ಕಡಿಮೆಯಾಗಿದೆ. ಹಾಗೆ ಕೇಳಿದಾಗ ದಾರಿ ಹೇಳುತ್ತಿದ್ದವರಿಗೆ ನಾವು ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಏನೂ ಲಾಭವಿರಲಿಲ್ಲ. ಮ್ಯಾಪಿಗೆ ಲಾಭವಿದೆ. ಅಷ್ಟನ್ನು ನಾವೆಲ್ಲರೂ ತಿಳಿದಿರಬೇಕು ಎಂಬುದು ನನ್ನ ಮೊದಲ ವಿನಂತಿ.

ಗೂಗಲ್ ಮ್ಯಾಪ್ಸ್ ಶುರುವಾದದ್ದು 2005ರ ಫೆಬ್ರವರಿಯಲ್ಲಿ. ಅಂದಿನಿಂದ ಇಂದಿನವರೆಗೆ ದಾರಿ ತೋರಿಸಿದ್ದಕ್ಕೆ ಅದು ನಮ್ಮಿಂದ ಒಂದು ಪೈಸೆ ಕೇಳಿಲ್ಲ. ಅದರ ಒಡೆತನ ಹೊಂದಿರುವ ಆಲ್ಫಾಬೆಟ್ ಕಂಪನಿಗೆ 2024ರಲ್ಲಿ ಬಂದ ವರಮಾನ ಸುಮಾರು 350 ಬಿಲಿಯನ್ ಡಾಲರ್; ಅದರಲ್ಲಿ 264 ಬಿಲಿಯನ್‌ಗಿಂತ ಹೆಚ್ಚು ಜಾಹೀರಾತಿನದು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ ಹನ್ನೆರಡಾಣೆ. 2016ರಲ್ಲಿ ಕಂಪನಿ, ಹಣ ಕೊಟ್ಟ ಅಂಗಡಿಗಳ ಗುರುತನ್ನು ನಕಾಶೆಯ ಮೇಲೆಯೇ ಎದ್ದು ಕಾಣುವಂತೆ ಮೂಡಿಸುವುದಾಗಿ ಪ್ರಕಟಿಸಿತು. ಈಗ ನೀವು ‘ಹತ್ತಿರದ ದವಾಖಾನೆ’ ಎಂದೋ ‘ಪಂಪ್‌ಸೆಟ್ ರಿಪೇರಿ’ ಎಂದೋ ಹುಡುಕಿದರೆ ಪಟ್ಟಿಯ ಮೇಲ್ತುದಿಯಲ್ಲಿ ಬರುವ ಒಂದೆರಡು ಹೆಸರುಗಳ ಪಕ್ಕ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂದಿರಬಹುದು. ನಕಾಶೆಯ ಮೇಲಿನ ಸಾಮಾನ್ಯ ಗುರುತು ಹನಿಯ ಆಕಾರದ್ದು. ಹಣ ಕೊಟ್ಟವರದು ಚೌಕಾಕಾರವಾಗಿ, ಅಂಗಡಿಯ ಚಿಹ್ನೆ ಹೊತ್ತು ಕಾಣಬಹುದು. ಈ ವ್ಯತ್ಯಾಸ ಗೊತ್ತಿರುವವರು ಎಷ್ಟು ಮಂದಿ? ಗೊತ್ತಿದ್ದರೂ ಮಳೆಯಲ್ಲಿ, ಅವಸರದಲ್ಲಿ, ಕನ್ನಡಕ ಮರೆತು ಬಂದ ದಿನ ಅದನ್ನು ಓದುವವರು ಎಷ್ಟು ಮಂದಿ?

ಲೋಕೋಪಯೋಗಿ ಇಲಾಖೆ ರಸ್ತೆ ಬದಿಗೆ ನೆಟ್ಟ ಮೈಲಿಗಲ್ಲನ್ನು ನೆನಪಿಸಿಕೊಳ್ಳಿ. ಊರ ಹೆಸರು, ಉಳಿದ ದೂರ, ಅಷ್ಟೇ ಅದರ ಮಾತು. ಊರು ಮುಟ್ಟಿದ ಮೇಲೆ ಯಾವ ಖಾನಾವಳಿಗೆ ಹೋಗಬೇಕೆಂದು ಆ ಕಲ್ಲು ಎಂದೂ ಹೇಳಲಿಲ್ಲ. ಅದನ್ನು ನೆಟ್ಟದ್ದು ನಮ್ಮೆಲ್ಲರ ತೆರಿಗೆಯ ದುಡ್ಡಿನಿಂದ. ಮೊಬೈಲಿನ ಮ್ಯಾಪು ಮೈಲಿಗಲ್ಲಿನ ಕೆಲಸವನ್ನು ವಹಿಸಿಕೊಂಡಿದೆ, ಅದರ ಸಂಬಳವನ್ನು ಮಾತ್ರ ಅಂಗಡಿಯವರು ಕೊಡುತ್ತಿದ್ದಾರೆ.

ಜಾಹೀರಾತು ಪಾಪದ ಕೆಲಸವೇನಲ್ಲ. ನಿಪ್ಪಾಣಿಯ ಹೆದ್ದಾರಿ ಪಕ್ಕ ಸಾಲ ಮಾಡಿ ಲಾಡ್ಜ್ ತೆರೆದವರಿಗೆ, ಪುಣೆ–ಬೆಂಗಳೂರು ದಾರಿಯ ಪ್ರಯಾಣಿಕರ ಕಣ್ಣಿಗೆ ಬೀಳಲು ಅದೊಂದು ದಾರಿ. ನನ್ನ ತಕರಾರು ಅವರ ಮೇಲಿಲ್ಲ. ಈ ಜಾಹೀರಾತು ಹರಾಜಿನಲ್ಲಿ ಮಾರಾಟವಾಗುತ್ತದೆ. ನೀವು ಆ ಹೆಸರನ್ನು ಒತ್ತಿದಾಗ, ಅಲ್ಲಿಂದಲೇ ಫೋನ್ ಮಾಡಿದಾಗ ಜಾಹೀರಾತುದಾರರು ಹಣ ತೆರುತ್ತಾರೆ. ತಮ್ಮ ಜಾಹೀರಾತು ಎಷ್ಟು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಾಣಬೇಕು ಎಂದು ಅವರೇ ಒಂದು ವರ್ತುಲ ಎಳೆದುಕೊಳ್ಳಬಹುದು. ಸಾಂಗಲಿಯಲ್ಲೋ ಮಿರಜದಲ್ಲೋ ಕುಳಿತು ಎಳೆದ ವರ್ತುಲದೊಳಗೆ ಕಾಗವಾಡ, ಶೇಡಬಾಳ, ಉಗಾರ ಸುಲಭವಾಗಿ ಬಂದುಬಿಡುತ್ತವೆ. ಕೊಲ್ಹಾಪುರದಿಂದ ಎಳೆದರೆ ನಿಪ್ಪಾಣಿ. ಆ ವರ್ತುಲಕ್ಕೆ ನದಿ ಗೊತ್ತಿಲ್ಲ, ಗಡಿ ಗೊತ್ತಿಲ್ಲ. ಹರಾಜಿನಲ್ಲಿ ದೊಡ್ಡ ಶಹರದ ದೊಡ್ಡ ಆಸ್ಪತ್ರೆಯ ಎದುರು ನಮ್ಮ ಸಣ್ಣ ಊರಿನವರು ಕೂಗಿ ಗೆಲ್ಲುವುದೂ ಇಲ್ಲ.

ಮಿರಜಕ್ಕೆ ದವಾಖಾನೆಗೆ ಹೋಗುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅಲ್ಲಿಯ ಮಿಶನ್ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೆರೆದ ದಿನಗಳಿಂದ ನಮ್ಮ ಅಜ್ಜ ಅಜ್ಜಿಯರು ಹೋಗಿಬಂದಿದ್ದಾರೆ. ಅವರು ಹೋಗುತ್ತಿದ್ದದ್ದು ಗುಣವಾಗಿ ಬಂದವರ ಬಾಯಿಮಾತು ನಂಬಿ. ಈಗ ಮ್ಯಾಪಿನಲ್ಲಿ ಮೊದಲು ಕಂಡ ಹೆಸರು ನಂಬಿ ರೋಗಿಯನ್ನು ಗಾಡಿಗೆ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಹೆಸರು ಮೇಲೆ ಬಂದದ್ದು ಹತ್ತಿರವಿದೆ ಎಂದೋ, ಹಣ ಕೊಟ್ಟಿದ್ದಾರೆ ಎಂದೋ? ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಅಲ್ಲಿ ನಡೆಯುತ್ತದೆಯೋ? ಎರಡನೆಯದಕ್ಕೆ ಜಾಹೀರಾತು ಉತ್ತರ ಕೊಡುವುದಿಲ್ಲ. 104ಕ್ಕೆ ಫೋನ್ ಮಾಡಿದರೆ ಆರೋಗ್ಯ ಸಹಾಯವಾಣಿಯವರಲ್ಲಿ ಕೇಳಬಹುದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮ್ಯಾಪಿನಲ್ಲಿ ಜಾಹೀರಾತು ಇರುವುದಕ್ಕಿಂತ ದೊಡ್ಡ ಚಿಂತೆ, ಜಾಹೀರಾತು ಕೊಡಲಾರದ ಸ್ಥಳಗಳದು. ಅವು ಯಾವುವು? ರಿಯಾಯಿತಿ ದರದ ಬೀಜ ಕೊಡುವ ರೈತ ಸಂಪರ್ಕ ಕೇಂದ್ರ. ಅಗ್ಗದ ಔಷಧಿಯ ಜನೌಷಧಿ ಕೇಂದ್ರ. ತಾಲ್ಲೂಕಿನ ಸರ್ಕಾರಿ ದವಾಖಾನೆ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಚಿಕಿತ್ಸಾಲಯ, ನಾಡಕಚೇರಿ, ಗ್ರಾಮ ಒನ್, ಗ್ರಂಥಾಲಯ, ಅಂಗನವಾಡಿ. ಇವುಗಳ ಲೆಕ್ಕಪುಸ್ತಕದಲ್ಲಿ ಜಾಹೀರಾತಿಗೆ ಎಂದು ಒಂದು ಕಾಲಂ ಇರುವುದಿಲ್ಲ. ಬಡವರಿಗೆ ಹೆಚ್ಚು ಬೇಕಾದವು ಇವೇ, ಹರಾಜಿಗೆ ಬರಲಾಗದವೂ ಇವೇ. ಗೂಗಲ್ ತಾನೇ ಹೇಳುವಂತೆ ಹಣ ಕೊಡದವರ ಪಟ್ಟಿಯಲ್ಲಿ ಯಾರು ಮೇಲೆ ಬರಬೇಕೆಂಬುದನ್ನು ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಹೆಸರಾಗಿದೆ ಎಂಬ ಮೂರು ಸಂಗತಿ ನಿರ್ಧರಿಸುತ್ತವೆ. ಹೆಸರಾಗುವುದು ಎಂದರೆ ಜನ ಬರೆದ ಅಭಿಪ್ರಾಯ, ಹಾಕಿದ ಫೋಟೊ, ಕೊಟ್ಟ ನಕ್ಷತ್ರ ಇತ್ಯಾದಿ. ಆರೋಗ್ಯ ಕೇಂದ್ರಕ್ಕೆ ಫೋಟೊ ಹಾಕುವವರು ಯಾರು? ನಾವು ಹಾಕದಿದ್ದರೆ ಯಾರೂ ಹಾಕುವುದಿಲ್ಲ.

ಅಥಣಿಯ ಚಪ್ಪಲಿಯನ್ನೇ ನೋಡಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿಐ) ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ನಿಗಮ ಲಿಡ್‌ಕಾಮ್ ಎರಡೂ ಅದರ ಹಕ್ಕುದಾರರು. ಅಥಣಿ, ಮದಭಾವಿ, ನಿಪ್ಪಾಣಿಯ ಮನೆಗಳಲ್ಲಿ ಗಂಡಸರು ಚರ್ಮ ಕತ್ತರಿಸಿ, ಹೆಂಗಸರು ಹೆಣೆದು ಹೊಲಿದು ಈ ಚಪ್ಪಲಿ ತಯಾರಿಸುತ್ತ ಬಂದಿದ್ದಾರೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ದೇಶವೆಲ್ಲ ಕೂಗಾಡಿತು. ವರ್ಷದ ಕೊನೆಗೆ ಆ ಕಂಪನಿ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಜಗತ್ತು ಗಮನಿಸಿತು. ಆದರೆ ಕೊಲ್ಹಾಪುರಿ ಚಪ್ಪಲಿ ಕೊಳ್ಳಬೇಕೆಂದು ಮ್ಯಾಪಿನಲ್ಲಿ ಹುಡುಕುವವರು ಅಥಣಿಯ ಗಲ್ಲಿಯ ಆ ಮನೆಯ ಬಾಗಿಲಿಗೆ ಬಂದು ನಿಲ್ಲಬೇಕಾದರೆ ಆ ಬಾಗಿಲು ಮ್ಯಾಪಿನಲ್ಲಿ ಇರಬೇಕು. ಶೋರೂಮಿನವರು ಹಣ ಕೊಟ್ಟು ಮೇಲೆ ಬರುತ್ತಾರೆ. ಹೊಲಿಯುವವರು ಕನಿಷ್ಠ ಪಟ್ಟಿಯಲ್ಲಾದರೂ ಇರಬೇಡವೇ?

ಇಲ್ಲಿ ಅಂಗಡಿಕಾರರಿಗೂ ಕುಶಲಕರ್ಮಿಗಳಿಗೂ ಒಂದು ಎಚ್ಚರಿಕೆ ಹೇಳಬೇಕು. ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ಹೆಸರು, ಸಮಯ, ಫೋನ್ ನಂಬರು ಸೇರಿಸಲು ಗೂಗಲ್ ಹಣ ಕೇಳುವುದಿಲ್ಲ. ಹಣ ಕೊಡಬೇಕಾದದ್ದು ಜಾಹೀರಾತಿಗೆ ಮಾತ್ರ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಇಷ್ಟು ಸಾವಿರ ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪಿನಿಂದ ಹೋಗುತ್ತದೆ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ, ಅಲ್ಲೇ ಕತ್ತರಿಸಿ. ಅದರಂತೆಯೇ ಗ್ರಾಹಕರು ಬ್ಯಾಂಕಿನ ಫೋನ್ ನಂಬರನ್ನು ಮ್ಯಾಪಿನಿಂದ ಎತ್ತಿಕೊಳ್ಳಬೇಡಿ. ಮ್ಯಾಪಿನ ವಿವರವನ್ನು ಯಾರು ಬೇಕಾದರೂ ತಿದ್ದಲು ಸೂಚಿಸಬಹುದು. 2018ರಲ್ಲಿ ಮಹಾರಾಷ್ಟ್ರದಲ್ಲಿ ಬ್ಯಾಂಕ್ ಶಾಖೆಗಳ ನಂಬರಿನ ಜಾಗದಲ್ಲಿ ಕಳ್ಳರು ತಮ್ಮ ನಂಬರು ಕೂರಿಸಿ ಜನರ ಖಾತೆಗೆ ಕೈಹಾಕಿದ ಪ್ರಕರಣಗಳು ಪೊಲೀಸರ ತನಕ ಹೋದವು. 2023 ಒಂದೇ ವರ್ಷದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ನಕಲಿ ಅಂಗಡಿ–ಸಂಸ್ಥೆಗಳ ವಿವರಗಳನ್ನು ತಡೆದೆವು ಅಥವಾ ತೆಗೆದುಹಾಕಿದೆವು ಎಂದು ಗೂಗಲ್ ತಾನೇ ಹೇಳಿಕೊಂಡಿದೆ. ಬ್ಯಾಂಕಿನ ನಂಬರು ಪಾಸ್‌ಬುಕ್ಕಿನಲ್ಲಿದೆ, ಕಾರ್ಡಿನ ಹಿಂದಿದೆ. ಹಣ ಹೋಗಿಬಿಟ್ಟರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.

ಇನ್ನು ನದಿಯ ಮಾತು. ಮಹಾಬಳೇಶ್ವರದ ಕಡೆ ನಾಲ್ಕು ದಿನ ಮಳೆ ಹಿಡಿದರೆ ನಮ್ಮ ಪತ್ರಿಕೆಗಳಲ್ಲಿ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಬಳಿ ಕೃಷ್ಣೆಗೆ ಒಟ್ಟು ಇಷ್ಟು ಎಂಬ ಲೆಕ್ಕ ದಿನವೂ ಬರತೊಡಗುತ್ತದೆ. ಆ ಲೆಕ್ಕ ಏರಿದಂತೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಸೇತುವೆಗಳು ಒಂದರ ಹಿಂದೆ ಒಂದು ನೀರಿನಡಿ ಹೋಗುತ್ತವೆ. ಈ ಹೆಸರುಗಳು ನಮಗೆ ಬಾಯಿಪಾಠ. 2005, 2019, 2021 ಎಂದರೆ ಸಾಕು, ಯಾವ ಮನೆಯ ಯಾವ ಮೆಟ್ಟಿಲವರೆಗೆ ನೀರು ಬಂದಿತ್ತೆಂದು ನದಿ ದಂಡೆಯ ಮಕ್ಕಳೂ ತೋರಿಸುತ್ತಾರೆ. ಪರಊರಿನ ಚಾಲಕನಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಅವನ ಮೊಬೈಲಿನಲ್ಲಿ ಬೇಸಿಗೆಯಲ್ಲಿ ಹೇಗೆ ಕಾಣುತ್ತಿತ್ತೋ ಮಳೆಗಾಲದಲ್ಲೂ ಹಾಗೆಯೇ ಒಂದು ಗೆರೆ, ಅದು ಹತ್ತಿರದ ದಾರಿ.

ಆ ಗೆರೆಯನ್ನು ಅಳಿಸಲು ಯಾರೂ ಹಣ ಕೊಡುವುದಿಲ್ಲ. ಮುಳುಗಿದ ಸೇತುವೆಯಿಂದ ಯಾರಿಗೂ ವ್ಯಾಪಾರವಿಲ್ಲ.

2024ರ ನವೆಂಬರ್ 24ರಂದು ಉತ್ತರ ಪ್ರದೇಶದ ಬರೇಲಿ–ಬದಾಯೂಂ ಭಾಗದಲ್ಲಿ ಮೂವರಿದ್ದ ಕಾರೊಂದು ರಾಮಗಂಗಾ ನದಿಯ ಅರ್ಧ ಕೊಚ್ಚಿಹೋಗಿದ್ದ ಸೇತುವೆಯಿಂದ ಕೆಳಗೆ ಬಿತ್ತು. ಮೂವರೂ ತೀರಿಕೊಂಡರು. ಮ್ಯಾಪು ಆ ಸೇತುವೆಯನ್ನು ದಾರಿ ಎಂದೇ ತೋರಿಸಿತ್ತು ಎಂದು ಸುದ್ದಿಯಾಯಿತು. ಪೊಲೀಸರು ದಾಖಲಿಸಿದ ಪ್ರಕರಣದಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಜೊತೆಗೆ ಗೂಗಲ್ ಮ್ಯಾಪ್ಸ್‌ನ ಪ್ರಾದೇಶಿಕ ಅಧಿಕಾರಿಯೊಬ್ಬರನ್ನೂ ಹೆಸರಿಲ್ಲದೆ ಸೇರಿಸಿದರು. ಎಂಜಿನಿಯರುಗಳನ್ನು ಮೊದಲು ಹಿಡಿದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸೇತುವೆಯ ಬಾಯಿಗೆ ಅಡ್ಡ ಕಟ್ಟುವುದು ಸರ್ಕಾರದ ಕೆಲಸ, ಮ್ಯಾಪಿನದು ಆಮೇಲೆ. ಆದರೆ ಎರಡೂ ಆಗದಿದ್ದಾಗ ಸತ್ತವರು ಮೂವರು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಲಿಕವಾಡ ನಮ್ಮದು, ಎದುರು ದಂಡೆಯ ದತ್ತವಾಡ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನದು. ಈ ಕಡೆ ನಮ್ಮ ತಹಶೀಲ್ದಾರರು ಬ್ಯಾರಿಕೇಡ್ ಹಾಕಿಸಿದರೂ ಆ ಕಡೆಯಿಂದ ಬರುವವರಿಗೆ ಅವರ ಆದೇಶ ಕಾಣುವುದಿಲ್ಲ. ಇಂಥ ಜಾಗದಲ್ಲಿ ಎರಡೂ ದಂಡೆಯವರಿಗೆ ಒಟ್ಟಿಗೆ ಕಾಣುವುದು ಮ್ಯಾಪು ಒಂದೇ. ರಸ್ತೆ ಜಲಾವೃತವಾಗಿದೆ ಎಂದು ಬಳಕೆದಾರರೇ ತಿಳಿಸುವ ಸೌಲಭ್ಯವನ್ನು ಗೂಗಲ್ 2024ರ ಅಕ್ಟೋಬರಿನಲ್ಲಿ ಭಾರತಕ್ಕೆ ಪ್ರಕಟಿಸಿದೆ. ಅದನ್ನು ಬಳಸಬೇಕಾದವರು ಕಂಪನಿಯ ಕ್ಯಾಲಿಫೋರ್ನಿಯಾ ಕಚೇರಿಯವರಲ್ಲ, ಕಲ್ಲೋಳದವರು, ಯಡೂರದವರು, ದತ್ತವಾಡದವರು. ನೀರು ಸೇತುವೆಯ ಮೇಲೆ ಹತ್ತಿದ್ದನ್ನು ಮೊದಲು ನೋಡುವವರು ಮೀನು ಹಿಡಿಯುವವರು, ಮೋಟಾರು ಎತ್ತಿಡಲು ನದಿಗಿಳಿಯುವ ರೈತರು. ಅವರಲ್ಲೊಬ್ಬರು ಮೊಬೈಲ್ ತೆಗೆದು ಒತ್ತಿದರೆ ಸಾಕು. ಒಬ್ಬರೇ ಹೇಳಿದರೆ ಕಂಪನಿ ನಂಬದಿರಬಹುದು; ಊರಿನ ಹಲವರು ಒತ್ತಿ.

ತೋಟದ ವಸತಿಗಳ ಕಥೆಯೂ ಇಂಥದೇ. ಹಾರೂಗೇರಿ, ಮುಗಳಖೋಡ, ಐಗಳಿ, ತೆಲಸಂಗದ ಕಡೆ ಹೊಲದ ನಡುವೆ ಮನೆ ಕಟ್ಟಿಕೊಂಡಿರುವ ಕುಟುಂಬಗಳಿಗೆ ವಿಳಾಸ ಎಂದರೆ ಮನೆತನದ ಹೆಸರಿನ ತೋಟ. ಹೆರಿಗೆ ನೋವು ಬಂದು 108ಕ್ಕೆ ಫೋನ್ ಮಾಡಿದವರು ಕಾಲುವೆ ದಾಟಿ, ಬೇವಿನ ಮರದಿಂದ ಎಡಕ್ಕೆ ಎಂದು ಹೇಳುತ್ತಿರುತ್ತಾರೆ. ಆಂಬುಲೆನ್ಸಿನವರು ಕತ್ತಲೆಯಲ್ಲಿ ಕಬ್ಬಿನ ನಡುವೆ ಸುತ್ತುತ್ತಿರುತ್ತಾರೆ. ಆ ಕಾಲುದಾರಿಗೆ ಜಾಹೀರಾತುದಾರರಿಲ್ಲ. ಆದರೆ ಪ್ರತಿ ತೋಟಪಟ್ಟಿಗೂ ಒಂದು ಹೆಗ್ಗುರುತಿದೆ, ಅದು ತೋಟದ ಸರ್ಕಾರಿ ಪ್ರಾಥಮಿಕ ಶಾಲೆ. ಆ ಶಾಲೆಯನ್ನು, ಅಲ್ಲಿಗೆ ಹೋಗುವ ಗಾಡಿದಾರಿಯನ್ನು ಸರಿಯಾದ ಹೆಸರಿನಿಂದ ಮ್ಯಾಪಿಗೆ ಹಾಕಿದರೆ ಸುತ್ತಲ ಹತ್ತಾರು ಮನೆಗಳಿಗೆ ವಿಳಾಸ ಸಿಕ್ಕಂತಾಗುತ್ತದೆ.

ಎಲ್ಲಿಗೆ ಹಾಕಬೇಕು? ಗೂಗಲ್ ಮ್ಯಾಪಿಗೂ ಹಾಕಿ. ಹೆಚ್ಚು ಜನ ನೋಡುವುದು ಅದನ್ನೇ. ಆದರೆ ಅಲ್ಲಿಗೆ ಹಾಕಿದ್ದನ್ನು ನಾಳೆ ಹೇಗೆ ತೋರಿಸಬೇಕು, ಅದರ ಮೇಲೆ ಯಾವ ಜಾಹೀರಾತು ಕೂರಿಸಬೇಕು ಎಂಬುದು ಕಂಪನಿಯ ಇಷ್ಟ. ಆದ್ದರಿಂದ ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕಾಶೆಯನ್ನು ಜಗತ್ತಿನ ಸ್ವಯಂಸೇವಕರು ಸೇರಿ ಬರೆಯುತ್ತಿದ್ದಾರೆ. ಮೂಲವನ್ನು ಹೆಸರಿಸಿ, ಅದರ ಪರವಾನಗಿಯ ಷರತ್ತಿಗೆ ಒಳಪಟ್ಟು ಯಾರು ಬೇಕಾದರೂ ಆ ಮಾಹಿತಿಯನ್ನು ಬಳಸಬಹುದು: ಪಂಚಾಯಿತಿ, ಪತ್ರಿಕೆ, ಶಾಲೆ, ಆಂಬುಲೆನ್ಸಿನವರು. 2015ರಲ್ಲಿ ಚೆನ್ನೈ ಮುಳುಗಿದಾಗ ಇದೇ ನಕಾಶೆಯ ಮೇಲೆ ನೀರು ನಿಂತ ಬೀದಿಗಳನ್ನು ಜನ ಗುರುತು ಮಾಡಿದರು. 2018ರ ಕೇರಳದ ನೆರೆಯಲ್ಲೂ ಸ್ವಯಂಸೇವಕರು ಇದರಲ್ಲಿ ದುಡಿದರು. ಸೇತುವೆಯೊಂದು ನೆರೆಯಲ್ಲಿ ಮುಳುಗುವಂಥದು ಎಂದು ಶಾಶ್ವತವಾಗಿ ಬರೆದಿಡುವ ಅವಕಾಶ ಇಲ್ಲಿದೆ. ಮೇಲೆ ಹೇಳಿದ ನಮ್ಮ ಆರೂ ಸೇತುವೆಗಳಿಗೆ ಅದು ಬೇಕು. ಪ್ರತಿ ಸ್ಥಳದ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬೇರೆ ಬೇರೆ ಸಾಲುಗಳಲ್ಲಿ ಬರೆಯಬಹುದಾದ್ದರಿಂದ ನಮ್ಮ ಭಾಗದಲ್ಲಿ ಜಗಳಕ್ಕೂ ಆಸ್ಪದವಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ‘ಸ್ಟ್ರೀಟ್‌ಕಂಪ್ಲೀಟ್’ ಎಂಬ ಆ್ಯಪ್ ಹಾಕಿಕೊಂಡು ಊರಲ್ಲಿ ನಡೆದಾಡಿದರೆ ಈ ರಸ್ತೆಯ ಹೆಸರೇನು, ಇದು ಡಾಂಬರೋ ಮಣ್ಣೋ ಎಂದು ಅದೇ ಕೇಳುತ್ತದೆ, ಗೊತ್ತಿರುವುದನ್ನು ಹೇಳಿದರಾಯಿತು. ನೋಡಲು ‘ಆರ್ಗ್ಯಾನಿಕ್ ಮ್ಯಾಪ್ಸ್’ ಇದೆ. ಅದರ ಹಿಂದಿನ ಕಥೆ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಅದಕ್ಕೂ ಮೊದಲು ‘ಮ್ಯಾಪ್ಸ್.ಮಿ’ ಎಂಬ ಉಚಿತ ಮ್ಯಾಪು ಜನಪ್ರಿಯವಾಗಿತ್ತು. ಒಡೆತನ ಕೈಬದಲಾಗುತ್ತ ಹೋಗಿ ಅದರೊಳಗೆ ಜಾಹೀರಾತು ತುಂಬಿಕೊಂಡಿತು. ಮೊದಲು ಅದನ್ನು ಕಟ್ಟಿದವರೇ ಅದರ ಮುಕ್ತ ಕೋಡನ್ನು ತೆಗೆದುಕೊಂಡು, ಜಾಹೀರಾತಿಲ್ಲದ, ಬಳಸುವವರ ಬೆನ್ನು ಹತ್ತದ ಈ ಹೊಸ ಮ್ಯಾಪನ್ನು 2021ರಲ್ಲಿ ಜನರ ಕೈಗಿಟ್ಟರು. ಒಮ್ಮೆ ಇಳಿಸಿಕೊಂಡರೆ ಇದಕ್ಕೆ ನೆಟ್ ಬೇಡ. ನೆರೆ ಬಂದಾಗ ಕರೆಂಟ್ ಹೋಗಿ, ಟವರ್ ಸತ್ತು, ಫೋನು ಗೂಗಲ್ಲಿಗೂ ಸಿಗದೆ ಸುಮ್ಮನಾಗುವುದನ್ನು ಕಂಡಿರುವ ಕೃಷ್ಣಾ ದಂಡೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಎರಡು ನಿಯಮ ಮರೆಯಬೇಡಿ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡಬಾರದು. ಕಣ್ಣಿಂದ ಕಂಡದ್ದನ್ನು, ಊರಿನವರಿಂದ ಕೇಳಿ ಖಚಿತಪಡಿಸಿಕೊಂಡದ್ದನ್ನು ಬರೆಯಬೇಕು. ಶಾಲೆ, ದವಾಖಾನೆ, ಸೇತುವೆ, ದಾರಿ, ತೋಟಪಟ್ಟಿಯ ಹೆಸರು ಹಾಕಿ, ಆದರೆ ಯಾರ ಮನೆಯಲ್ಲಿ ಯಾರಿದ್ದಾರೆ, ಅವರ ಫೋನ್ ನಂಬರು ಏನು ಎಂಬುದನ್ನು ಹಾಕಬೇಡಿ.

ಇದು ಆಗದ ಕೆಲಸವೇನಲ್ಲ. ಜಾಹೀರಾತಿಲ್ಲದ ಸರ್ಕಾರಿ ನಕಾಶೆಯನ್ನು ನಮ್ಮ ರೈತರು ಈಗಾಗಲೇ ಬಳಸುತ್ತಿದ್ದಾರೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ ‘ದಿಶಾಂಕ್’ ಆ್ಯಪ್ ರಾಜ್ಯದ ಕಂದಾಯ ಇಲಾಖೆಯದು. ಬಾಂದು ಕಲ್ಲಿನ ತಕರಾರು ಬಂದಾಗ ಕೋರ್ಟಿಗೆ ಹೋಗುವ ಮೊದಲು ಅದನ್ನು ತೆಗೆದು ನೋಡುವವರಿದ್ದಾರೆ. ಭಾರತೀಯರು ನಕಾಶೆ ತಯಾರಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕಿದ್ದ ಹಳೆಯ ಕಟ್ಟಳೆಯನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ತೆಗೆದಿದೆ. ಹಾಗಾದರೆ ಪಂಚಾಯಿತಿ ತನ್ನ ಊರಿನ ಸಾರ್ವಜನಿಕ ಸ್ಥಳಗಳ ನಕಾಶೆಯನ್ನು ಎಲ್ಲರಿಗೂ ತೆರೆದಿಡಲು ಅಡ್ಡಿ ಏನು?

ಕಂಪನಿಗಳ ಮುಂದೆಯೂ ನಾವು ಕೈಕಟ್ಟಿ ನಿಲ್ಲಬೇಕಾಗಿಲ್ಲ. ಜಾಹೀರಾತನ್ನು ಜಾಹೀರಾತೆಂದು ತಿಳಿಯದಂತೆ ಬೇರೆ ವೇಷದಲ್ಲಿ ತೋರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿ ನಿಷೇಧಿಸಿದೆ. ಇಂಥದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1915ಕ್ಕೆ ಕರೆ ಮಾಡಿ, ದೂರು ದಾಖಲಿಸಿ. ದೂರಿನಿಂದ ಏನಾಗುತ್ತದೆ ಎನ್ನಬೇಡಿ. ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತವಿದೆ ಎಂದು ನಮ್ಮ ದೇಶದ ಒಂದು ಮ್ಯಾಟ್ರಿಮೊನಿ ಕಂಪನಿಯೂ ಒಂದು ಗ್ರಾಹಕ ಸಂಘಟನೆಯೂ 2012ರಲ್ಲಿ ಕೊಟ್ಟ ದೂರಿನ ಮೇಲೆಯೇ ಭಾರತದ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಮ್ಯಾಪಿನ ವಿಷಯದಲ್ಲಿ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ದವಾಖಾನೆ, ಆಂಬುಲೆನ್ಸ್, ರಕ್ತನಿಧಿ, ಪೊಲೀಸ್ ಠಾಣೆ ಎಂದು ಹುಡುಕಿದಾಗ ಜಾಹೀರಾತು ಬೇಡವೇ ಬೇಡ. ಉಳಿದ ಕಡೆ ‘ಜಾಹೀರಾತು’ ಎಂಬ ಪದ ಅಂಗಡಿಯ ಹೆಸರಿನಷ್ಟೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಇರಲಿ.

ಕೆಲಸ ಹಂಚಿಕೊಳ್ಳೋಣ. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ತಮ್ಮ ಶಿಬಿರ ನಡೆಯುವ ಹಳ್ಳಿಯ ಆರೋಗ್ಯ ಕೇಂದ್ರ, ರೈತ ಸಂಪರ್ಕ ಕೇಂದ್ರ, ಅಂಗನವಾಡಿಗಳನ್ನು ನಕಾಶೆಗೆ ಏರಿಸಲಿ. ತೋಟದ ಶಾಲೆಗಳ ಗುರುಗಳು, ಬಾಯಂದಿರು ತಮ್ಮ ಶಾಲೆಯ ಹೆಸರನ್ನು ಒಮ್ಮೆ ತೆರೆದು ನೋಡಲಿ, ತಪ್ಪಿದ್ದರೆ ತಿದ್ದಲಿ. ಅಥಣಿ, ಮದಭಾವಿ, ನಿಪ್ಪಾಣಿಯ ಚಪ್ಪಲಿ ಹೊಲಿಯುವವರ ಮನೆಯಲ್ಲಿ ಓದಿದ ಹುಡುಗ ಹುಡುಗಿಯರು ತಮ್ಮ ಓಣಿಯ ಹಿರಿಯರ ಒಪ್ಪಿಗೆ ಕೇಳಿ ಅವರ ಕೆಲಸದ ಜಾಗವನ್ನು ಸೇರಿಸಲಿ. ಯಡೂರ, ಚಿಂಚಲಿ ದೇವಸ್ಥಾನಗಳ ಸಮಿತಿಯವರು ಜಾತ್ರೆಗೆ ಮುಂಚೆ ಪಾರ್ಕಿಂಗ್, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಜಾಗಗಳನ್ನು ಗುರುತು ಮಾಡಿಸಲಿ.

ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಪಾಸು ಮಾಡಿ ಪಂಚಾಯಿತಿಯ ಲೆಟರ್‌ಹೆಡ್ಡಿನ ಮೇಲೆ ನಿಮ್ಮ ತಹಶೀಲ್ದಾರರಿಗೂ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳಿಗೂ ಬೆಳಗಾವಿಯ ಜಿಲ್ಲಾಧಿಕಾರಿಗಳಿಗೂ ಕಳಿಸಿ. ಅದರಲ್ಲಿ ಇಷ್ಟನ್ನು ಕೇಳಿ: ಸೇತುವೆ ಮುಚ್ಚುವ ಆದೇಶ ಹೊರಟ ಗಂಟೆಯೊಳಗೆ ಅದರ ಲೊಕೇಶನ್ ಸಮೇತ ಸಾರ್ವಜನಿಕರಿಗೂ ಮ್ಯಾಪ್ ಕಂಪನಿಗಳಿಗೂ ತಿಳಿಸಬೇಕು, ದತ್ತವಾಡದಂಥ ಕಡೆ ಕೊಲ್ಹಾಪುರ ಜಿಲ್ಲಾಡಳಿತದ ಜೊತೆ ಮಾತಾಡಿ ಎರಡೂ ದಂಡೆಗೆ ಒಂದೇ ಹೊತ್ತಿಗೆ ಬ್ಯಾರಿಕೇಡ್ ಬೀಳಬೇಕು, ನೀರು ಇಳಿದ ಮೇಲೆ ಎಂಜಿನಿಯರು ಪರೀಕ್ಷಿಸಿ ಸಹಿ ಹಾಕುವವರೆಗೆ ಮ್ಯಾಪಿನಲ್ಲಿ ಸೇತುವೆ ತೆರೆಯಬಾರದು. ಮೃಗಶಿರಾ ಮಳೆ ಹಿಡಿಯುವ ಮುಂಚೆ, ಮೇ ತಿಂಗಳೊಳಗೆ ಈ ಕಾಗದ ಕಚೇರಿ ಮುಟ್ಟಬೇಕು. ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.